ಒಂದೇ ಸೂರಿನಡಿ ಎರಡು ಕೆಮ್ಮು

ಕಫದ ಪರೀಕ್ಷೆಯ ವರದಿ ಬಂದ ದಿನ ಡಾಕ್ಟರಮ್ಮ ಅಕ್ಕ ತಮ್ಮ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆಯಲಿಲ್ಲ. ತಮ್ಮನನ್ನು ನರ್ಸ್ ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅಕ್ಕ ಮತ್ತು ತಾಯಿ ಮಾತ್ರ ಡಾಕ್ಟರಮ್ಮನ ಎದುರು ಕುಳಿತರು.

"ಹುಡುಗನ ಕಫದಲ್ಲಿ ಹೊಸ ರೋಗಾಣು ಸಿಕ್ಕಿದೆ. ಬರ್ಖೋಲ್ಡೇರಿಯಾ ಅಂತ," ಎಂದರು ಡಾಕ್ಟರಮ್ಮ. "ಆರೋಗ್ಯವಾಗಿರೋರಿಗೆ ಸಾಮಾನ್ಯವಾಗಿ ಇದು ಏನೂ ಮಾಡಲ್ಲ. ಈ ಕಾಯಿಲೆ ಇರೋರಿಗೆ ಮಾತ್ರ ತುಂಬಾ ಹಟಮಾರಿ. ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಇವತ್ತಿಂದ ಇವರಿಬ್ಬರೂ ಒಂದೇ ಕೋಣೇಲಿ ಇರಬಾರದು."

"ಇವತ್ತಿಂದ ಅಂದ್ರೆ?" ತಾಯಿ ಗಾಬರಿಯಾದಳು. "ಮೂರೂ ಜನ ಒಂದೇ ಬಸ್ಸಲ್ಲಿ ಬಂದಿದೀವಲ್ಲ."

"ಹೋಗುವಾಗ ಎರಡು ಬಸ್ಸಲ್ಲಿ ಹೋಗಿ."

ಮಗಳಿಗೆ ನಗು ಬಂತು, ನಗು ಕೆಮ್ಮಾಯಿತು. ಅವಳು ಕೆಮ್ಮಿ ಮುಗಿಸುವವರೆಗೂ ಇಬ್ಬರೂ ಕಾದರು.

ಆ ಮನೆಯಲ್ಲಿ ಅವಳನ್ನು ಎಲ್ಲರೂ ಉಪ್ಪಮ್ಮ ಎನ್ನುತ್ತಿದ್ದರು. ಹುಟ್ಟಿದ ಹೊಸದರಲ್ಲಿ ಅಜ್ಜಿ ಕೆನ್ನೆಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತಂತೆ. ಅಜ್ಜಿ ತಮಾಷೆಗೆ ಇಟ್ಟ ಹೆಸರು ಅದು. ಏಳು ವರ್ಷದ ಮೇಲೆ ಹುಟ್ಟಿದ ಗಂಡುಮಗುವೂ ಹಾಗೇ ಇತ್ತು, ಅವನು ಉಪ್ಪಣ್ಣನಾದ. ಆ ಉಪ್ಪೇ ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗದ ಗುರುತು ಎಂದು ತಿಳಿದ ಮೇಲೆ ಅಜ್ಜಿ ಆ ಹೆಸರು ಬಿಡಿಸಲು ಬಹಳ ಪ್ರಯತ್ನಪಟ್ಟಳು. ಆದರೆ ಹೆಸರು ಅಂಟಿಕೊಂಡುಬಿಟ್ಟಿತ್ತು.

ಅಂಟಿಕೊಳ್ಳುವುದೇ ಆ ರೋಗದ ಸ್ವಭಾವ. ಬೇರೆಯವರ ಎದೆಯಲ್ಲಿ ತೆಳ್ಳಗೆ ಹರಿಯುವ ಲೋಳೆ ಇವರ ಎದೆಯಲ್ಲಿ ಗೋಂದಿನಂತೆ ಗಟ್ಟಿ. ಒಳಗೆ ಹೋದ ರೋಗಾಣು ಅದರಲ್ಲಿ ಸಿಕ್ಕಿಕೊಂಡು ಸಂಸಾರ ಹೂಡುತ್ತದೆ. ಅದಕ್ಕೇ ಲೋಳೆಯನ್ನು ದಿನವೂ ಸಡಿಲಿಸಿ ಹೊರಗೆ ಹಾಕಬೇಕು. ಉಪ್ಪಮ್ಮ ಹದಿಮೂರರ ಹುಡುಗಿಯಾಗಿದ್ದಾಗ ಅಂಗೈಯನ್ನು ಬಟ್ಟಲಿನಂತೆ ಮಡಚಿ ತಮ್ಮನ ಬೆನ್ನು ತಟ್ಟಲು ಕಲಿತಳು. ಅವನ ಕೈ ದೊಡ್ಡದಾದ ಮೇಲೆ ಅವನು ಅವಳ ಬೆನ್ನು ತಟ್ಟಿದ. ಬೆಳಗ್ಗೆ ಎದ್ದ ಕೂಡಲೇ ಅವನಿಗೆ ಇವಳು, ಇವಳಿಗೆ ಅವನು. ಮಂಚದ ಮೇಲೆ ಒಬ್ಬರು ಬೋರಲಾಗಿ ಮಲಗಿದರೆ ಇನ್ನೊಬ್ಬರ ಕೈ ತಾಳ ಹಾಕಿದಂತೆ ಬೀಳುತ್ತಿತ್ತು. ಅಷ್ಟು ಹತ್ತಿರ ಕೂರಬಾರದು, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ತಾಗಬಾರದು ಎಂದು ಡಾಕ್ಟರಮ್ಮ ಹಿಂದೆಯೂ ಹೇಳಿದ್ದರು. ಹೂಂ ಅಂದು ಬಂದಿದ್ದರು. ಒಂದೇ ಮನೆ, ಒಂದೇ ತಟ್ಟೆಯಿಂದ ಕಿತ್ತು ತಿಂದು ಬೆಳೆದ ಮಕ್ಕಳು. ಏನು ದೂರ, ಎಂಥ ದೂರ?

ಈಗ ದೂರವಾಗಲೇಬೇಕಿತ್ತು. ತಾಯಿ ಮಗನಿಗೆ ಮುಂದಿನ ಕೋಣೆ ಕೊಟ್ಟಳು, ಮಗಳಿಗೆ ಹಿಂದಿನದು. ತಟ್ಟೆ ಲೋಟ ಬೇರೆಯಾದವು. ಅಡುಗೆಮನೆಗೆ ಮಗನಿಗೆ ಪ್ರವೇಶವಿಲ್ಲ ಎಂದಾಯಿತು. ಆದರೆ ಇದ್ದದ್ದು ಒಂದೇ ಬಚ್ಚಲು. ಉಪ್ಪಮ್ಮ ಮೊದಲು ಹೋಗಿ ಬರಬೇಕು, ಆಮೇಲೆ ತಮ್ಮ. ಅವನು ಬಂದ ಮೇಲೆ ತಾಯಿ ಕಿಟಕಿ ತೆರೆದು ನಲ್ಲಿ, ಚಿಲಕ, ಬಕೆಟ್ಟಿನ ಹಿಡಿ ಎಲ್ಲವನ್ನೂ ಔಷಧದ ನೀರಲ್ಲಿ ಒರೆಸಬೇಕು. ಸರತಿ ತಪ್ಪಿ ಅವನು ಮೊದಲು ಹೋದ ದಿನ ಮನೆ ರಣರಂಗ.

"ನಾನೇನು ಇಲಿ ಪಾಷಾಣಾನಾ? ಮುಟ್ಟಿದ್ದೆಲ್ಲ ಒರೆಸ್ತೀಯಲ್ಲ!" ಎಂದು ತಮ್ಮ ಬಾಗಿಲ ಹಿಂದಿನಿಂದ ಕೂಗಿದ.

"ನಿನ್ನ ಮೇಲೆ ನಂಗೇನು ಕೋಪಾನಾ? ಅವಳ ಎದೆ ಮೊದಲೇ ಅರ್ಧ ಹಾಳಾಗಿದೆ ಕಣೋ," ಎಂದಳು ತಾಯಿ.

"ಅಮ್ಮ, ಅಷ್ಟೆಲ್ಲ ಹಾಳಾಗಿಲ್ಲ. ಸ್ವಲ್ಪ ಉಳಿಸು," ಎಂದಳು ಉಪ್ಪಮ್ಮ ತನ್ನ ಕೋಣೆಯಿಂದ.

ಇಬ್ಬರಿಗೂ ಬೆನ್ನು ತಟ್ಟುವವರು ಇರಲಿಲ್ಲ. ಮಗಳದ್ದನ್ನು ತಾಯಿ ವಹಿಸಿಕೊಂಡಳು, ಮಗನದ್ದನ್ನು ತಂದೆ. ತಂದೆಯದು ಟೈಲ್ಸ್ ಹಾಕುವ ಕೆಲಸ. ಒಂದೊಂದು ಟೈಲನ್ನೂ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಸದ್ದು ಕೇಳಿ, ಟೊಳ್ಳಿದೆಯೋ ಇಲ್ಲವೋ ಎಂದು ನೋಡುವುದು ಅವನ ರೂಢಿ. ಮಗನ ಬೆನ್ನಿಗೂ ಅದೇ ಗತಿಯಾಯಿತು. ಒಂದು ಏಟು ಹಾಕುವುದು, ತಲೆ ವಾಲಿಸಿ ಕೇಳುವುದು, ಇನ್ನೊಂದು ಏಟು.

"ಅಪ್ಪ, ನಾನು ನೆಲ ಅಲ್ಲ," ಎಂದು ಹುಡುಗ ನರಳುತ್ತಿದ್ದ. ಹಿಂದಿನ ಕೋಣೆಯಲ್ಲಿ ಮಲಗಿದ್ದ ಉಪ್ಪಮ್ಮನಿಗೆ ಆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಜಾಗ ತಪ್ಪು, ತಾಳ ತಪ್ಪು, ಕೈ ಮಡಚಿದ್ದು ತಪ್ಪು. ಎದ್ದು ಹೋಗಿ ತೋರಿಸುವ ಹಾಗಿಲ್ಲ.

"ಅಪ್ಪ, ಪಕ್ಕೆ ಮೇಲೆ! ಬೆನ್ನುಮೂಳೆ ಮೇಲಲ್ಲ!" ಎಂದು ಕೂಗಿ, ಕೂಗಿದ್ದಕ್ಕೆ ಕೆಮ್ಮು ಬಂದು, ಗೋಡೆಗೆ ಒರಗಿ ಕೂರುತ್ತಿದ್ದಳು.

ತಂದೆ ಇನ್ನೊಂದು ಬಚ್ಚಲು ಕಟ್ಟುವ ಮಾತೆತ್ತಿದ. ಅವನಿಗೆ ಗೊತ್ತಿದ್ದ ಕೆಲಸ, ವಾರದಲ್ಲಿ ಮುಗಿಯುತ್ತಿತ್ತು. ಫೋನಿನಲ್ಲಿ ಕೇಳಿದಾಗ ಡಾಕ್ಟರಮ್ಮ ಬೇಡವೇ ಬೇಡ ಎಂದರು. ಗೋಡೆ ಒಡೆದರೆ ಧೂಳೇಳುತ್ತದೆ, ಹಳೇ ಗೋಡೆಯ ಧೂಳಿನಲ್ಲಿ ಬೂಷ್ಟು ಇರುತ್ತದೆ, ಅದು ಈ ಮಕ್ಕಳ ಎದೆಗೆ ಹೋದರೆ ಇನ್ನೊಂದು ಕಥೆ. ಮಕ್ಕಳು ಮನೆ ಬಿಟ್ಟು ಇರುವುದಾದರೆ ಕಟ್ಟಿ.

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದು ತಂದೆ ಕರಣೆಯನ್ನು ಚೀಲಕ್ಕೆ ಎಸೆದ.

ಕೊನೆಗೆ ಉಪ್ಪಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ, ಒಂದು ಕೋಣೆ ಖಾಲಿ ಇತ್ತು, ಉಪ್ಪಮ್ಮ ಕೆಲಸ ಮಾಡುವ ಪಾರ್ಲರಿಗೂ ಅಲ್ಲಿಂದ ಹತ್ತಿರ. ಹೊರಡುವ ದಿನ ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲಿನ ಸಂದಿಯಿಂದ, "ಹೋಗ್ತಿರೋದು ನೀನು. ಓಡಿಸಿದ್ದು ನಾನು ಅಂತಾಗುತ್ತೆ," ಎಂದ.

"ಹಾಗೆ ಯಾರೋ ಅಂದಿದ್ದು?"

"ಯಾರೂ ಅನ್ನಲ್ಲ. ಅದೇ ಕಷ್ಟ."

ಚಿಕ್ಕಮ್ಮ ಪ್ರೀತಿಯ ಹೆಂಗಸು. ಅವಳ ಪ್ರೀತಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಉಪ್ಪಮ್ಮ ಕಾಲಿಟ್ಟಾಗ ಕೋಣೆಯಲ್ಲಿ ಹೊಸ ಹೊದಿಕೆ, ಹೊಸ ಪರದೆ, ಮೇಜಿನ ಮೇಲೆ ಹಬೆ ಬಿಡುವ ಪುಟ್ಟ ಮೆಷಿನ್ನು. ನೀಲಿ ಬೆಳಕು ಬಿಡುತ್ತ ಅದು ಬುಸುಬುಸು ಎನ್ನುತ್ತಿತ್ತು.

"ಗಾಳಿ ಒಣಗಿದ್ರೆ ನಿಂಗೆ ಆಗಲ್ಲ ಅಂತ ತರಿಸಿದೆ," ಎಂದಳು ಚಿಕ್ಕಮ್ಮ.

"ಚಿಕ್ಕಮ್ಮ, ಇದರೊಳಗಿನ ನೀರು ಯಾವಾಗ ಬದಲಾಯಿಸ್ತೀಯಾ?"

"ಬದಲಾಯಿಸೋದ್ಯಾಕೆ? ಖಾಲಿ ಆದ ಹಾಗೆ ತುಂಬಿಸಿದ್ರಾಯ್ತು."

ನಿಂತ ನೀರನ್ನೇ ಹಬೆಮಾಡಿ ಎದೆಯೊಳಗೆ ಕಳಿಸುವ ಯಂತ್ರ ಅದು. ಉಪ್ಪಮ್ಮ ಅದರ ತಂತಿ ಕಿತ್ತಳು. ಚಿಕ್ಕಮ್ಮನ ಮುಖ ಸಪ್ಪಗಾಯಿತು. ಮಂಚದ ಹಿಂದಿನ ಗೋಡೆಯಲ್ಲಿ ತೇವದ ಕಪ್ಪು ಕಲೆ ಇತ್ತು, ಅದನ್ನು ಉಪ್ಪಮ್ಮ ಆ ದಿನ ಹೇಳಲಿಲ್ಲ. ಒಂದೇ ದಿನಕ್ಕೆ ಎರಡು ತಪ್ಪು ತೋರಿಸಿದರೆ ಬಂದವಳು ಯಜಮಾನಿಯಾಗಲು ಬಂದಳು ಎನ್ನುತ್ತಾರೆ. ಮಂಚವನ್ನಷ್ಟೇ ಎಳೆದು ಕಿಟಕಿಯ ಕಡೆ ಹಾಕಿಕೊಂಡಳು.

ಕಿಟಕಿಯ ಆಚೆ ಬಾಲ್ಕನಿ. ಅಲ್ಲಿ ಚಿಕ್ಕಪ್ಪ ಸಿಗರೇಟು ಸೇದುತ್ತಿದ್ದ.

"ನಿನಗೋಸ್ಕರವೇ ಹೊರಗೆ ಬಂದಿದೀನಮ್ಮ," ಎಂದ ಅವನು, ಔದಾರ್ಯದಿಂದ. ಹೊಗೆ ಅವನ ಅಂಗಿಯೊಡನೆ ಒಳಗೆ ಬಂದು ಸೋಫಾದ ಮೇಲೆ ಕೂರುತ್ತಿತ್ತು. ಬಾಣಲೆಯಿಂದ ಬೆಂಕಿಗೆ ಬಿದ್ದೆ ಎಂದು ಉಪ್ಪಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಅಮ್ಮ, "ಸ್ವಲ್ಪ ಹೊಂದಿಕೊಂಡು ಹೋಗೇ, ಅವರ ಮನೆ ಅದು," ಎಂದಳು. ಎದೆಗೆ ಹೊಂದಿಕೊಳ್ಳುವುದು ಗೊತ್ತಿದ್ದರೆ ಇಷ್ಟು ಪಾಡೇಕೆ?

ಪಾರ್ಲರಿನಲ್ಲೂ ನೆಮ್ಮದಿ ಇರಲಿಲ್ಲ. ಕೂದಲು ಕತ್ತರಿಸುವುದರಲ್ಲಿ ಉಪ್ಪಮ್ಮನ ಕೈ ಒಳ್ಳೆಯದು, ಅವಳಿಗಾಗಿಯೇ ಕಾದು ಕೂರುವ ಹೆಂಗಸರಿದ್ದರು. ಅವರೇ ಕೆಮ್ಮು ಕೇಳಿದ ಕೂಡಲೇ ಕನ್ನಡಿಯಲ್ಲಿ ಮುಖ ಹಿಂಡುತ್ತಿದ್ದರು. "ಇದು ನಿಮಗೆ ಅಂಟಲ್ಲ," ಎಂದು ಎಷ್ಟು ಸಲ ಹೇಳುವುದು? ಅವರಿಗೆ ಇವಳಿಂದ ಏನೂ ಅಂಟುತ್ತಿರಲಿಲ್ಲ. ಇವಳಿಗೆ ಮಾತ್ರ ಅವರ ನೆಗಡಿ, ಅವರ ಮಕ್ಕಳ ಜ್ವರ ಎಲ್ಲವೂ ಅಂಟುತ್ತಿತ್ತು. ಮೂಗು ಸುರಿಸುತ್ತ ಬಂದವರು ಕುರ್ಚಿಯಲ್ಲಿ ಆರಾಮಾಗಿ ಕೂರುತ್ತಿದ್ದರು, ಮಾಸ್ಕ್ ಹಾಕಿಕೊಂಡು ನಿಂತವಳನ್ನೇ ಅನುಮಾನದಿಂದ ನೋಡುತ್ತಿದ್ದರು. ಪಾರ್ಲರಿನ ಒಡತಿ ಕೆಟ್ಟವಳಲ್ಲ. "ಕೆಮ್ಮು ಬಂದಾಗ ಹಿಂದಕ್ಕೆ ಹೋಗಿಬಿಡಮ್ಮ," ಎನ್ನುತ್ತಿದ್ದಳು. ಹಿಂದೆ ಇದ್ದದ್ದು ತಲೆ ತೊಳೆಯುವ ಬೇಸಿನ್ನು, ಕೂದಲು ಕಟ್ಟಿಕೊಂಡ ಅದರ ಮೋರಿ, ಒದ್ದೆ ಟವೆಲ್ಲುಗಳ ರಾಶಿ.

ಚಿಕ್ಕಮ್ಮನ ಮನೆಯಲ್ಲಿ ಉಪ್ಪಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದದ್ದು ನೆಬ್ಯುಲೈಸರನ್ನು. ಔಷಧಿಯನ್ನು ಮಂಜಿನಂತೆ ಮಾಡಿ ಎದೆಗೆ ಕಳಿಸುವ ಯಂತ್ರ. ಬೆಳಗ್ಗೆ ಅದರ ಬಟ್ಟಲು, ಬಾಯಿಗಿಡುವ ಕೊಳವೆ ಎಲ್ಲವನ್ನೂ ಸೋಪಿನಲ್ಲಿ ತೊಳೆದು, ಕುದಿಸಿ, ಶುಭ್ರವಾದ ಬಟ್ಟೆಯ ಮೇಲೆ ಒಣಗಲು ಹರಡಿ ಕೆಲಸಕ್ಕೆ ಹೋಗುವಳು. ಸಂಜೆ ಬಂದಾಗ ಅವು ಡಬ್ಬಿಯಲ್ಲಿ ಇರುತ್ತಿದ್ದವು. ಒಣಗಿದ ಮೇಲೆ ಚಿಕ್ಕಮ್ಮ ಎತ್ತಿಡುತ್ತಾಳೆ, ಒಳ್ಳೆಯದಾಯಿತು ಎಂದುಕೊಂಡಿದ್ದಳು.

ಒಂದು ದಿನ ಪಾರ್ಲರಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಬಂದಳು. ಚಿಕ್ಕಮ್ಮ ಅಡುಗೆಮನೆಯ ನಲ್ಲಿಯ ಕೆಳಗೆ ಆ ಬಟ್ಟಲನ್ನು ಹಿಡಿದು ತೊಳೆಯುತ್ತಿದ್ದಳು. ತೊಳೆದವಳು ಒದ್ದೆ ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಚಿಕ್ಕಮ್ಮ, ಏನ್ ಮಾಡ್ತಿದೀಯಾ?"

"ಧೂಳು ಕೂತಿರುತ್ತಲ್ಲೇ. ಇನ್ನೊಂದ್ಸಲ ತೊಳೆದು ಮುಚ್ಚಿಡ್ತಿದೀನಿ."

"ದಿನಾ?"

"ದಿನಾನೇ ಮತ್ತೆ! ನೀನು ಬಂದಾಗಿಂದ."

ಉಪ್ಪಮ್ಮ ಡಬ್ಬಿ ಕಿತ್ತುಕೊಂಡಳು. ಒಳಮುಚ್ಚಳದಲ್ಲಿ ನೀರಿನ ಹನಿಗಳು ಸಾಲಾಗಿ ಕೂತಿದ್ದವು. ಬಾಯಿಗೆ ಬಂದದ್ದೆಲ್ಲ ಅಂದಳು. ಕೇಳದೇ ಯಾಕೆ ಮುಟ್ಟಿದೆ, ಕುದಿಸಿದ್ದು ಯಾವ ಸುಖಕ್ಕೆ, ನಲ್ಲಿ ನೀರಲ್ಲಿ ಏನಿರುತ್ತೆ ಗೊತ್ತಾ, ಒದ್ದೆ ಡಬ್ಬಿ ಅಂದ್ರೆ ರೋಗಾಣುಗೆ ಛತ್ರ ಕಟ್ಟಿಸಿ ಕೊಟ್ಟ ಹಾಗೆ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಒಳ್ಳೇದಾಗ್ಲಿ ಅಂತ ಮಾಡಿದ್ದೇ," ಎಂದು ಅತ್ತಳು. ಉಪ್ಪಮ್ಮನಿಗೆ ಅದು ಇನ್ನೂ ಸಿಟ್ಟು ತರಿಸಿತು. ಕೆಟ್ಟದಾಗಲಿ ಎಂದು ಮಾಡುವವರು ಅವಳ ಬದುಕಿನಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರಾದರೂ ಇದ್ದಿದ್ದರೆ ಮನಸಾರೆ ಜಗಳವಾಡಬಹುದಿತ್ತು.

ಜ್ವರ ಬಂದದ್ದು ಅದಾದ ಮೇಲೆ. ಊಟ ಸೇರಲಿಲ್ಲ, ಕಫ ಹಸಿರಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಗೆ ಅಮ್ಮನೂ ಚಿಕ್ಕಮ್ಮನೂ ಇಬ್ಬರೂ ಬಂದರು. ಅವಳ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು ಕುಳಿತರು. ಡಾಕ್ಟರಮ್ಮ ವರದಿ ನೋಡಿದರು.

"ತಮ್ಮನದ್ದಲ್ಲ ಇದು. ಬೇರೆ. ಸ್ಯೂಡೋಮೊನಾಸ್. ನಿಮಗೆ ಇದು ಮೊದಲ ಸಲ."

ಅಮ್ಮ ಉಸಿರು ಬಿಟ್ಟಳು. ನಿಟ್ಟುಸಿರೋ ನೆಮ್ಮದಿಯದೋ ಅವಳಿಗೇ ತಿಳಿಯಲಿಲ್ಲ. ಮಗನನ್ನು ದೂರ ಇಟ್ಟಿದ್ದಕ್ಕೆ ಫಲ ಸಿಕ್ಕಿತ್ತು. ಮಗಳನ್ನು ದೂರ ಕಳಿಸಿದ್ದಕ್ಕೂ ಫಲ ಸಿಕ್ಕಿತ್ತು.

ಡಾಕ್ಟರಮ್ಮ ಕೇಳುತ್ತ ಹೋದರು. ನೆಬ್ಯುಲೈಸರ್ ಕುದಿಸ್ತೀರಾ? ಒಣಗಿಸ್ತೀರಾ? ಮನೇಲಿ ಯಾರಾದ್ರೂ ಸೇದ್ತಾರಾ? ಗೋಡೆ ತೇವ ಇದೆಯಾ? ತೂಕ ಇಷ್ಟು ಇಳಿದಿದೆಯಲ್ಲ, ಊಟ ಬಿಟ್ಟಿದೀರಾ? ಈ ಕಾಯಿಲೇಲಿ ಸಕ್ಕರೆನೂ ಏರಬಹುದು, ಪರೀಕ್ಷೆ ಮಾಡಿಸಿದ್ರಾ? ಕೆಲಸದ ಜಾಗದಲ್ಲಿ ನೀರು ಚಿಮುಕಿಸೋ ಬಾಟಲಿ ಇರುತ್ತಲ್ಲ, ಅದನ್ನ ದಿನಾ ಖಾಲಿ ಮಾಡಿ ತೊಳೀತಾರಾ? ಎದೆ ಕ್ಲೀನ್ ಮಾಡೋದು ಒಂದು ದಿನವೂ ತಪ್ಪಿಸಿಲ್ಲ ತಾನೇ?

ಉಪ್ಪಮ್ಮನ ತಾಳ್ಮೆ ತಪ್ಪಿತು.

"ಮೇಡಂ, ವ್ಯಾಯಾಮ ಮಾಡು ಅಂತೀರ, ಈಜಾಡು ಅಂತೀರ, ಆಮೇಲೆ ನಿಂತ ನೀರಿಗೆ ಇಳೀಬೇಡ ಅಂತೀರ. ಜಾಸ್ತಿ ತಿನ್ನು ಅಂತೀರ, ಆಮೇಲೆ ಸಕ್ಕರೆ ನೋಡ್ಕೋ ಅಂತೀರ. ಜನರ ಜೊತೆ ಬೆರೀಬೇಕು, ಆದ್ರೆ ನೆಗಡಿ ಇರೋರ ಹತ್ತಿರ ಹೋಗಬಾರದು. ಮಣ್ಣು ಮುಟ್ಟಬಾರದು, ಕೊಳೆತ ಎಲೆ ಹತ್ತಿರ ಸುಳೀಬಾರದು, ಧೂಳು ಬೇಡ, ಹೊಗೆ ಬೇಡ, ತೇವ ಬೇಡ, ಒಡಹುಟ್ಟಿದ ತಮ್ಮ ಬೇಡ. ಉಸಿರಾಡಬಹುದಾ? ಅದಕ್ಕಾದ್ರೂ ಪರ್ಮಿಷನ್ ಇದೆಯಾ?"

ಅಮ್ಮ ಮೊಣಕೈಯಿಂದ ತಿವಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮ ತಪ್ಪು ಹುಡುಕೋಕೆ ಕೇಳ್ತಿಲ್ಲಮ್ಮ."

"ಕೇಳೋ ರೀತಿ ಹಾಗೇ ಇರುತ್ತೆ ಮೇಡಂ."

"ಇರಬಹುದು," ಎಂದು ಅವರು ಒಪ್ಪಿಕೊಂಡರು.

ಬಲಗಡೆ ಕುಳಿತ ಚಿಕ್ಕಮ್ಮ ಆಗ ಬಾಯಿಬಿಟ್ಟಳು. ಸ್ವರ ಹೊರಡಲೇ ಇಲ್ಲ ಎಂಬಷ್ಟು ಸಣ್ಣಗಿತ್ತು. "ಡಾಕ್ಟ್ರೇ, ಆ ಬಟ್ಟಲನ್ನ ನಾನು ತಣ್ಣೀರಲ್ಲಿ ತೊಳೀತಿದ್ದೆ. ನನ್ನಿಂದಾನೇ ಬಂತಾ?"

"ಬಂದಿರಬಹುದು. ನಿಮ್ಮ ಯಜಮಾನರ ಹೊಗೆಯಿಂದ ಎದೆ ಸೋತು ದಾರಿ ಸುಲಭ ಆಗಿರಬಹುದು. ಪಾರ್ಲರಿನ ಬಾಟಲಿಯಿಂದ ಬಂದಿರಬಹುದು, ಯಾವುದೋ ಬಚ್ಚಲ ಮೋರಿಯಿಂದ ಬಂದಿರಬಹುದು. ನೀರಿರೋ ಕಡೆಯೆಲ್ಲ ಅದು ಇರುತ್ತೆ. ಎಲ್ಲಾ ಸರಿ ಮಾಡಿದೋರಿಗೂ ಬರುತ್ತೆ. ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗದೇ ಹೋಗೋದೇ ಹೆಚ್ಚು."

ಉಪ್ಪಮ್ಮನಿಗೆ ಬೇಕಿದ್ದ ಉತ್ತರ ಅದಲ್ಲ. ಬೈಯಲು ಒಂದು ಹೆಸರು ಬೇಕಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಚಿಕ್ಕಮ್ಮ ಅವಳ ಮೊಣಕೈ ಹಿಡಿದು, "ನಿಜ ಹೇಳೇ, ನನ್ನಿಂದಲೇ ಅಲ್ವಾ?" ಎಂದಾಗ, ಹೌದು ಎನ್ನುವ ಮಾತು ನಾಲಗೆಯ ತುದಿಗೆ ಬಂದು ಕೂತಿತು. ಉಗುಳಲೂ ಆಗದು, ನುಂಗಲೂ ಆಗದು. ಕಫದ ವಿಷಯದಲ್ಲಿ ಅವಳಿಗೆ ಅಷ್ಟು ಅಭ್ಯಾಸವಿದ್ದರೂ ಮಾತಿನ ವಿಷಯದಲ್ಲಿ ಇರಲಿಲ್ಲ.

"ಗೊತ್ತಿಲ್ಲ ಚಿಕ್ಕಮ್ಮ," ಎಂದಳು ಕಡೆಗೆ. ಅದು ನಿಜವಾಗಿತ್ತು. ಚಿಕ್ಕಮ್ಮ ಕೈ ಬಿಟ್ಟ ರೀತಿ ನೋಡಿದರೆ, ನಿನ್ನಿಂದಲ್ಲ ಎಂದು ಸುಳ್ಳು ಹೇಳಿದ್ದರೇ ವಾಸಿಯಿತ್ತು.

ಮೊದಲ ಸಲದ ಸ್ಯೂಡೋಮೊನಾಸ್ ಆದ್ದರಿಂದ ಬೇರು ಬಿಡುವ ಮೊದಲೇ ಕೀಳಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಆಸ್ಪತ್ರೆಗೆ ಸೇರಿಸಿಕೊಂಡು ರಕ್ತನಾಳಕ್ಕೆ ಔಷಧಿ ಕೊಟ್ಟರು. ಆಮೇಲೆ ತಿಂಗಳುಗಟ್ಟಲೆ ನೆಬ್ಯುಲೈಸರಿನಲ್ಲಿ ಎಳೆದುಕೊಳ್ಳುವ ಆಂಟಿಬಯೋಟಿಕ್. ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗ ತಂದೆ ಫೋನು ಮಾಡಿದ.

"ನಿನ್ನ ತಮ್ಮ ಬೆನ್ನು ತಟ್ಟಿಸ್ಕೊಳ್ಳಲ್ಲ ಅಂತಾನಮ್ಮ. ಊಟಾನೂ ಅಷ್ಟಕ್ಕಷ್ಟೇ. ನನ್ನ ಮಾತು ಕೇಳಲ್ಲ."

"ಫೋನ್ ಕೊಡು ಅವನಿಗೆ."

ತಮ್ಮ ಬಂದ. ಉಸಿರಿನ ಗೊರಗೊರ ಕೇಳುತ್ತಿತ್ತು. ಅಷ್ಟು ಕೇಳಿದರೆ ಸಾಕಿತ್ತು ಅವಳಿಗೆ, ಎಷ್ಟು ದಿನದಿಂದ ಕಫ ತೆಗೆದಿಲ್ಲ ಎಂದು ತಿಳಿಯಲು.

"ಏನೋ ನಿನ್ನ ಕಥೆ?"

"ನನ್ನಿಂದ ನಿಂಗೆ ಬಂತಲ್ಲ. ಇನ್ನು ನಾನು ಕಫ ತೆಗೆದ್ರೇನು, ಬಿಟ್ರೇನು?"

"ಅಮ್ಮ ಹೇಳಿಲ್ವಾ? ಇದು ನಿಂದಲ್ಲ ಕಣೋ! ನಿಂದೇ ಬೇರೆ, ನಂದೇ ಬೇರೆ. ಇದು ನಂದೇ ಸ್ವಂತದ್ದು, ನಾನೇ ಸಂಪಾದನೆ ಮಾಡಿದ್ದು."

"ಸಮಾಧಾನಕ್ಕೆ ಹೇಳ್ತಿದಾಳೆ ಅಂದ್ಕೊಂಡೆ."

"ನಿಂಗೆ ಸಮಾಧಾನ ಹೇಳೋಷ್ಟು ಪುರುಸೊತ್ತು ಯಾರಿಗಿದೆ ಇಲ್ಲಿ? ಕೈಗೆ ಸೂಜಿ ಚುಚ್ಚಿ ಇಟ್ಟಿದಾರೆ. ಮಲಗೋ ಬೋರಲಾಗಿ! ಅಪ್ಪನ ಕೈಗೆ ಬೆನ್ನು ಕೊಡು. ಅವರು ಟೈಲ್ಸೇ ಹಾಕಲಿ, ಗೋಡೇನೇ ಕಟ್ಟಲಿ, ಸುಮ್ನೆ ಮಲಗು!"

ಪಕ್ಕದ ಮಂಚದವರು ತಿರುಗಿ ನೋಡಿದರು. ಉಪ್ಪಮ್ಮ ಫೋನು ಇಟ್ಟು ಮುಸುಕೆಳೆದುಕೊಂಡಳು. ಹೊದಿಕೆಯೊಳಗೆ ಅವಳ ಅಂಗೈ ತಾನಾಗಿಯೇ ಮಡಚಿಕೊಂಡು ಹಾಸಿಗೆಯನ್ನು ತಟ್ಟುತ್ತಿತ್ತು.

ಆಸ್ಪತ್ರೆಯಿಂದ ಅವಳು ಚಿಕ್ಕಮ್ಮನ ಮನೆಗೆ ಹಿಂತಿರುಗಲಿಲ್ಲ. ಚಿಕ್ಕಪ್ಪ ಸಿಗರೇಟು ಬಿಟ್ಟೆ ಎಂದು ಹೇಳಿಕಳಿಸಿದ, ಅವಳು ನಂಬಲಿಲ್ಲ. ಪಾರ್ಲರಿನ ಮೇಲಂತಸ್ತಿನಲ್ಲಿ ಬಿಸಿಲು ಬೀಳುವ ಒಂದು ಕೋಣೆ ಬಾಡಿಗೆಗಿತ್ತು, ಅದಕ್ಕೇ ಸೇರಿದ ಬಚ್ಚಲೂ ಇತ್ತು. ತಂದೆ ಬಂದು ಗೋಡೆಗೋಡೆಗೆ ಕೆನ್ನೆ ಒತ್ತಿ ತೇವ ಇದೆಯೇ ಎಂದು ನೋಡಿದ. ಒಂದು ಟೈಲನ್ನು ತಟ್ಟಿ, ಟೊಳ್ಳು ಎಂದು ಮುಖ ಸಿಂಡರಿಸಿದ, ಆದರೆ ಧೂಳಿನ ಭಯಕ್ಕೆ ಮುಟ್ಟಲಿಲ್ಲ. ಒಬ್ಬಳೇ ಇರುತ್ತಾಳಲ್ಲ ಎಂದು ಅಮ್ಮ ಗೋಳಾಡಿದಳು. "ನನಗೆ ಬಂದ ಕಷ್ಟ ಎಲ್ಲಾ ಜೊತೇಲಿ ಇದ್ದೋರಿಂದಾನೇ ಬಂದಿರೋದು," ಎಂದಳು ಉಪ್ಪಮ್ಮ. ಅಮ್ಮನ ಮುಖ ನೋಡಿ, "ತಮಾಷೆಗೆ ಅಂದೆ," ಎಂದು ಸೇರಿಸಿದಳು. ಪೂರ್ತಿ ತಮಾಷೆಯಾಗಿರಲಿಲ್ಲ.

ಪಾರ್ಲರಿನ ಒಡತಿ ನೀರಿನ ಬಾಟಲಿಗಳನ್ನು ದಿನವೂ ತೊಳೆದು ಒಣಗಿಸಲು ಒಪ್ಪಿದಳು. ಮೂರು ದಿನ ತೊಳೆದಳು. ನಾಲ್ಕನೇ ದಿನದಿಂದ ಉಪ್ಪಮ್ಮನೇ ತೊಳೆದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಫದಲ್ಲಿ ಸ್ಯೂಡೋಮೊನಾಸ್ ಕಾಣಲಿಲ್ಲ. ಮತ್ತೆ ಬರುವುದಿಲ್ಲ ಎಂದೇನೂ ಇಲ್ಲ ಎಂದರು ಡಾಕ್ಟರಮ್ಮ. ತಮ್ಮನ ರೋಗಾಣು ಮಾತ್ರ ಹೋಗಲಿಲ್ಲ. ಆದರೆ ಅವನ ತೂಕ ಏರಿತ್ತು, ಬಾಯಿಂದ ಊದಿ ಕಫ ಸಡಿಲಿಸುವ ಒಂದು ಸಾಧನವನ್ನು ತಾನೇ ಬಳಸಲು ಕಲಿತಿದ್ದ. ತಂದೆಯ ಕೈಯಿಂದ ಪಾರಾಗಲು ಕಲಿತೆ ಎನ್ನುತ್ತಿದ್ದ.

ಇಬ್ಬರನ್ನೂ ಒಟ್ಟಿಗೆ ನೋಡಬೇಕೆಂದು ಅಮ್ಮ ಹಟ ಹಿಡಿದಳು. ಬಯಲಲ್ಲಿ, ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು, ಚೆನ್ನಾಗಿ ದೂರ ದೂರ ಕೂರುವುದಾದರೆ ಆಗಬಹುದು ಎಂದರು ಡಾಕ್ಟರಮ್ಮ. ಭಾನುವಾರ ಬೆಳಗ್ಗೆ ಶಾಲೆಯೊಂದರ ಆಟದ ಮೈದಾನದಲ್ಲಿ ಸೇರಿದರು. ಈ ತುದಿಯ ಬೆಂಚಿನಲ್ಲಿ ಉಪ್ಪಮ್ಮ, ಆ ತುದಿಯ ಮೆಟ್ಟಿಲ ಮೇಲೆ ತಮ್ಮ, ನಡುವೆ ಅಮ್ಮ, ಗಾಳಿ ಎತ್ತ ಬೀಸುತ್ತಿದೆ ಎಂದು ಸೆರಗು ಹಿಡಿದು ನೋಡುತ್ತ.

ಉಪ್ಪಮ್ಮ ಅವನನ್ನು ಕಂಡೊಡನೆ ಎದ್ದು ನಿಂತಳು.

"ತಲೆಗೇನೋ ಆಯ್ತು? ಯಾರೋ ಕತ್ತರಿಸಿದ್ದು?"

"ಅಪ್ಪ!" ಎಂದು ಅವನು ಅಲ್ಲಿಂದ ಕೂಗಿದ.

"ಅಯ್ಯೋ ನನ್ನ ಕರ್ಮವೇ! ಹಿಂದೆ ತಿರುಗು. ಇನ್ನೂ ತಿರುಗು. ದನ ಮೇಯ್ದು ಬಿಟ್ಟ ಹಾಗಿದೆ!"

ಅವಳ ಕೈ ಚೀಲದೊಳಗಿನ ಕತ್ತರಿಗೆ ಹೋಯಿತು. ಎರಡು ಹೆಜ್ಜೆ ಮುಂದಿಟ್ಟಳು ಕೂಡ. ಅಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು, ರಸ್ತೆಯಲ್ಲಿ ಮಗುವನ್ನು ತಡೆಯುವವಳಂತೆ. ಉಪ್ಪಮ್ಮ ನಿಂತಳು. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಊರ ಹೆಂಗಸರ ತಲೆಯೆಲ್ಲ ಮುಟ್ಟುವ ಕೈ ತನ್ನ ಮನೆಯ ಒಂದು ತಲೆ ಮುಟ್ಟುವ ಹಾಗಿಲ್ಲ.

ಕತ್ತರಿಯನ್ನೂ ಬಾಚಣಿಗೆಯನ್ನೂ ಅಮ್ಮನ ಕೈಗೆ ತುರುಕಿದಳು. "ಹೋಗು, ನೀನೇ ಕತ್ತರಿಸು. ನಾನು ಇಲ್ಲಿಂದ ಹೇಳ್ತೀನಿ. ಅವು ಮತ್ತೆ ನಂಗೆ ಬೇಡ, ಅಲ್ಲೇ ಇರಲಿ."

"ನಂಗೆ ಬರಲ್ವೇ!"

"ಅಪ್ಪನಿಗೂ ಬರ್ತಿರಲಿಲ್ಲ. ಕತ್ತರಿಸಲಿಲ್ವಾ?"

ಅಮ್ಮ ಮೆಟ್ಟಿಲು ಹತ್ತಿ ಮಗನ ಹಿಂದೆ ನಿಂತಳು. ಉಪ್ಪಮ್ಮ ಬೆಂಚಿನ ಮೇಲೆ ಹತ್ತಿ ನಿಂತಳು. "ಬಾಚಣಿಗೆ ಕೆಳಗಿಂದ ಮೇಲಕ್ಕೆ! ಎರಡು ಬೆರಳ ಮಧ್ಯ ಹಿಡಿ! ಕತ್ತರಿ ಅಡ್ಡ ಅಲ್ಲ, ಓರೆ! ಕಿವಿ, ಕಿವಿ ನೋಡು!" ಎಂದು ಕೂಗಿದಳು. ಪ್ರತಿ ಮಾತಿಗೂ ಅಮ್ಮ "ಹಾಂ?" ಎನ್ನುವಳು, ಇವಳು ಮತ್ತೆ ಕೂಗುವಳು. ಓಡಲು ಬಂದಿದ್ದ ಇಬ್ಬರು ನಿಂತು ನೋಡಿ ಹೋದರು. ತಮ್ಮನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಿಗೆ ತಿರುಗಿತು, ದೊಡ್ಡ ಕೆಮ್ಮು, ಆಳದಿಂದ ಬಂದದ್ದು. ಅಮ್ಮ ಅವನ ಬೆನ್ನಿಗೆ ಕೈ ಕೊಟ್ಟಳು.

"ಕಫ ಬಂತಾ?" ಎಂದು ಉಪ್ಪಮ್ಮ ಮೈದಾನದ ಈ ತುದಿಯಿಂದ ಕೇಳಿದಳು.

ಅವನು ಕಾಗದಕ್ಕೆ ಉಗಿದು, ಮಡಚಿ, ಚೀಲಕ್ಕೆ ಹಾಕಿ, ಹೆಬ್ಬೆರಳು ಎತ್ತಿ ತೋರಿಸಿದ.

"ಸರಿ ಹಾಗಾದ್ರೆ. ಅಮ್ಮ, ಎಡಗಡೆ ಇನ್ನೂ ಉದ್ದ ಇದೆ."

"ಸಾಕು ಬಿಡೇ ಮಾರಾಯ್ತಿ!" ಎಂದಳು ಅಮ್ಮ, ಕತ್ತರಿ ಕೆಳಗಿಟ್ಟು.

"ಸಾಕಾಗಲ್ಲ. ಇನ್ನೊಂದು ಸಲ ಬಾಚು," ಎಂದಳು ಉಪ್ಪಮ್ಮ.